ಬಿಳಿ ಟಬ್ಬು, ನೀಲಿ ಟಬ್ಬು

ಸೂಸನ್ ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತಳು. ಒಳಗೆ ಸ್ಟೀಲಿನ ಮೇಜಿನ ಮೇಲೆ, ಆಸ್ಪತ್ರೆಯ ಬಿಳಿ ಹೊದಿಕೆಯಡಿಯಲ್ಲಿ ರೂಜಾ ಮಲಗಿದ್ದಳು. ಹೊರಗೆ ಶವಾಗಾರದ ಓಣಿಯಲ್ಲಿ ರೂಜಾಳ ಗಂಡನ ಅಕ್ಕ ಅಪೊಲೋನಿಯಾ ನಿಂತಿದ್ದಳು. ಒಂದು ಕೈಯಲ್ಲಿ ಸಾಬೂನು, ಟವೆಲು, ಪೌಡರು ತುಂಬಿದ ಚೀಲ, ಇನ್ನೊಂದು ಕೈಯಲ್ಲಿ ಮಡಿಕೆ ಬಿಚ್ಚದ ರೇಷ್ಮೆ ಸೀರೆ. ಅವಳ ಹಿಂದೆ ಪ್ರಾರ್ಥನಾ ಗುಂಪಿನ ಇಬ್ಬರು ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆಲಸಕ್ಕೆ ಸಿದ್ಧರಾಗಿಯೇ ಬಂದಿದ್ದರು.

"ದಾರಿ ಬಿಡು ಸೂಸನ್," ಎಂದಳು ಅಪೊಲೋನಿಯಾ. "ನಾಲ್ಕು ಗಂಟೆಗೆ ಇಗರ್ಜಿಯಲ್ಲಿ ಇರಬೇಕು. ಮೀಯಿಸಿ ಸೀರೆ ಉಡಿಸುವಾಗ ಹೊತ್ತಾಗ್ತದೆ."

"ಮೀಯಿಸುವುದು ಬೇಡ ಬಾಯಿ. ಬಟ್ಟೆ ಬದಲಿಸುವುದೂ ಬೇಡ. ಹೇಗಿದ್ದಾಳೋ ಹಾಗೆಯೇ ಪೆಟ್ಟಿಗೆಯಲ್ಲಿ ಮಲಗಿಸುವ," ಎಂದಳು ಸೂಸನ್. ಅಕ್ಕ ಎನ್ನುವಂತೆ ಕೊಂಕಣಿಯಲ್ಲಿ ಬಾಯಿ ಎನ್ನುವುದು ಅವಳ ರೂಢಿ.

ಅಪೊಲೋನಿಯಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಈ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ಗದರಿಸಿ ಒಳಗೆ ನುಗ್ಗುತ್ತಿದ್ದಳು. ಆದರೆ ಸೂಸನ್ ನರ್ಸ್. ಕುವೈತಿನಲ್ಲಿ ನಮ್ಮ ಮಂಗಳೂರಿನವರು ಯಾರೇ ತೀರಿಕೊಂಡರೂ ಮೀಯಿಸಲು ಮೊದಲು ಕರೆಯುವುದು ಅವಳನ್ನೇ. ಊರಿಗೆ ಹೋಗುವ ಎಷ್ಟೋ ಹೆಣಗಳಿಗೆ ಕೊನೆಯ ಸಲ ತಲೆ ಬಾಚಿದ ಕೈ ಅವಳದು. ಅಂಥವಳು ಹವಲ್ಲಿಯ ಆ ಹಳೆಯ ಕಟ್ಟಡದಲ್ಲಿ ತನ್ನ ಎದುರು ಬಾಗಿಲಿನ ಗೆಳತಿಯನ್ನು ಮೀಯಿಸುವುದು ಬೇಡ ಎನ್ನುತ್ತಿದ್ದಾಳೆ.

ಅಪೊಲೋನಿಯಾ ಸೂಸನ್‌ಳ ಭುಜದ ಮೇಲಿಂದ ಇಣುಕಿದಳು. ಹೊದಿಕೆಯ ಕೆಳಗಿಂದ ಹಸಿರು ನೆರಿಗೆ ಲಂಗದ ಅಂಚು ಕಾಣುತ್ತಿತ್ತು, ಅದರ ತುಂಬ ಅಂಗೈಯಗಲದ ಕೆಂಪು ಹೂಗಳು.

"ಈ ಲಂಗದಲ್ಲಾ ಇಗರ್ಜಿಗೆ ತರುವುದು? ಫಿಯೋನಾಳ ಹುಡುಗ ರಾನ್ಸನ್‌ನ ಮನೆಯವರೆಲ್ಲ ಬರ್ತಾರೆ. ನಾಟಕದವಳ ಹಾಗೆ ಪೆಟ್ಟಿಗೆಯಲ್ಲಿ ಮಲಗಿಸಿದರೆ ಅವರು ಏನು ಗ್ರಹಿಸಲಿಕ್ಕಿಲ್ಲ? ಈ ಸೀರೆ ನಾನು ಫಿಯೋನಾಳ ನಿಶ್ಚಿತಾರ್ಥಕ್ಕೆ ಅಂತ ತರಿಸಿದ್ದು. ಇರಲಿ, ಅವಳ ತಾಯಿಗೇ ಆಗಲಿ ಅಂತ ತಂದೆ. ನನಗೇನು ಅವಳ ಮೇಲೆ ಪ್ರೀತಿ ಇಲ್ಲವಾ?"

ಪ್ರೀತಿ ಇತ್ತು, ಅದು ಸೂಸನ್‌ಗೂ ಗೊತ್ತು. ಅದಕ್ಕೇ ಅವಳಿಗೆ ಇನ್ನೂ ಕಷ್ಟವಾಯಿತು. ಓಣಿಯ ಕೊನೆಯ ಬೆಂಚಿನಲ್ಲಿ ರೂಜಾಳ ಮಗಳು ಫಿಯೋನಾ ಅತ್ತು ಊದಿದ ಕಣ್ಣುಗಳಲ್ಲಿ ಇವರನ್ನೇ ನೋಡುತ್ತಿದ್ದಳು. ಕಾರಣ ಹೇಳಬೇಕಾದರೆ ಅವಳ ಎದುರಿಗೇ ಹೇಳಬೇಕು. ಅವಳಿಗೇ ಗೊತ್ತಿಲ್ಲದ ಕಾರಣ ಅದು.

"ಐದು ನಿಮಿಷ ಕೊಡಿ," ಎಂದು ಸೂಸನ್ ಬಾಗಿಲೆಳೆದುಕೊಂಡು, ಶವಾಗಾರದ ಈಜಿಪ್ಟಿನ ನೌಕರನಿಗೆ ಯಾರನ್ನೂ ಬಿಡಬೇಡ ಎಂದು ಹೇಳಿ, ರೂಜಾಳ ಗಂಡ ಲಿಗೋರಿಯನ್ನು ಹುಡುಕಿಕೊಂಡು ಹೋದಳು.

*

ಲಿಗೋರಿ ಮದುವೆಯಾದ ಸುದ್ದಿ ಮಂಗಳೂರಿಗೆ ಮುಟ್ಟಿದಾಗ ಮನೆಯಲ್ಲಿ ಅಳು, ನಗು ಎರಡೂ ಆಗಿತ್ತಂತೆ. ಆಗ ಅವನು ಕುವೈತಿನ ಅಹ್ಮದಿ ಕಡೆ ಒಂದು ಯುಗೊಸ್ಲಾವಿಯಾದ ಕಟ್ಟಡ ಕಂಪನಿಯಲ್ಲಿ ಎಲೆಕ್ಟ್ರಿಷಿಯನ್. ರೂಜಾ ಅದೇ ಕಂಪನಿಯ ಕ್ಯಾಂಟೀನಿನಲ್ಲಿ ಅಡುಗೆಯವಳು. ಸಾವಾ ನದಿಯ ದಂಡೆಯ ಒಂದು ಸಣ್ಣ ಊರಿನ ಕಥೊಲಿಕ ಹುಡುಗಿ. ಮನೆಗೆ ಬರೆದ ಕಾಗದದಲ್ಲಿ ಲಿಗೋರಿ ಅವಳು ಯುರೋಪಿನವಳು ಎಂದಷ್ಟೇ ಬರೆದಿದ್ದ. ಅಮ್ಮನ ದುಃಖ ಆ ಒಂದು ಪದದಲ್ಲಿ ಅರ್ಧ ಇಳಿಯಿತು. ಅಪೊಲೋನಿಯಾ ವಠಾರವಿಡೀ ಹೇಳಿಕೊಂಡು ಬಂದಳು.

ಮುಂದಿನ ರಜೆಗೆ ಜೋಡಿ ಊರಿಗೆ ಬಂತು. ವಿಮಾನದಿಂದ ಇಳಿದ ಮದುಮಗಳು ಲಿಗೋರಿಗಿಂತ ಒಂದು ಬಣ್ಣ ಕಪ್ಪು. ಮೊಣಕಾಲು ಮುಟ್ಟುವ ಜಡೆ, ಕಾಡಿಗೆ ಹಚ್ಚಿದಂಥ ಕಣ್ಣು. ನೋಡಲು ಬಂದವರೆಲ್ಲ ಪರಸ್ಪರ ಮುಖ ನೋಡಿಕೊಂಡರು. ಇವಳು ಗೋವಾದವಳೇ, ದೊಡ್ಡಸ್ತಿಕೆಗೆ ಯುರೋಪ್ ಎನ್ನುತ್ತಾನೆ ಎಂದು ನೆರೆಕರೆಯವರು ತೀರ್ಮಾನ ಮಾಡಿ ಕೈತೊಳೆದುಕೊಂಡರು. ಹೆಸರನ್ನೂ ತಮ್ಮ ನಾಲಿಗೆಗೆ ಒಗ್ಗುವಂತೆ ರೋಜಾಬಾಯಿ ಮಾಡಿಕೊಂಡರು. ಕುವೈತಿನ ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ ಮಲಯಾಳಿಗಳು ಅವಳನ್ನು ಮಲಯಾಳದಲ್ಲೇ ಮಾತಾಡಿಸುತ್ತಿದ್ದರು. ರೂಜಾಳಿಗೆ ಇದೆಲ್ಲ ತಮಾಷೆಯಾಗಿತ್ತು. ಹುಟ್ಟಿದ ಊರಿನಲ್ಲಿ ಒಂದೇ ಒಂದು ದಿನ ಊರವಳು ಎನಿಸಿಕೊಳ್ಳದವಳನ್ನು ಇಲ್ಲಿ ಎಲ್ಲರೂ ನಮ್ಮವಳು, ನಮ್ಮವಳು ಎಂದು ಎಳೆದಾಡುತ್ತಿದ್ದರು.

ಗೋವಾದವಳು ಎಂಬ ಗುಸುಗುಸು ಕೇಳಿದಷ್ಟೂ ಅಪೊಲೋನಿಯಾಳ ಹಟ ಹೆಚ್ಚಿತು. ಗಂಡನೊಂದಿಗೆ ಕುವೈತಿನ ಸಲ್ವಾಕ್ಕೆ ಬಂದು ನೆಲೆಸಿದ ಮೇಲೂ ಇಗರ್ಜಿಯಲ್ಲಿ ಯಾರ ಪರಿಚಯವಾದರೂ ಅವಳ ಮೊದಲ ಮಾತು ಅದೇ, ನನ್ನ ತಮ್ಮನ ಹೆಂಡತಿ ಯುರೋಪಿನವಳು. ಫಿಯೋನಾಳಿಗೆ ರಾನ್ಸನ್‌ನ ಸಂಬಂಧ ಕುದುರಿಸಿದ್ದೂ ಆ ಮಾತಿನಿಂದಲೇ.

ಯುರೋಪಿನಲ್ಲಿ ಯಾವ ಜನ ಎಂದು ಯಾರೂ ಕೇಳಲಿಲ್ಲ. ಲಿಗೋರಿ ಹೇಳಲಿಲ್ಲ. ಯುರೋಪಿನವಳು ಅಂದರೆ ಸಾಕು, ಅದರ ಮುಂದಿನದು ಬೇಡ ರೂಜಾ ಎಂದು ಮದುವೆಗೆ ಮುಂಚೆ ಅವನು ಒಮ್ಮೆ ಕೇಳಿಕೊಂಡಿದ್ದ. ಅವಳು ನಕ್ಕು ಒಪ್ಪಿದ್ದಳು. ಅಡಗಿಸಿಡುವುದು ಅವಳಿಗೆ ಹೊಸ ಕೆಲಸವೇನಾಗಿರಲಿಲ್ಲ.

*

ಸೂಸನ್‌ಗೆ ಗೊತ್ತಾದದ್ದು ಯುದ್ಧದಿಂದಾಗಿ.

ಇರಾಕಿ ಸೈನ್ಯ ಕುವೈತಿಗೆ ನುಗ್ಗಿದ ವರ್ಷ ಅವರೆಲ್ಲ ಬಸ್ಸು ಹಿಡಿದು, ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಕ್ಯಾಂಪಿಗೆ ಬಂದು ಬಿದ್ದಿದ್ದರು. ಸುತ್ತ ಮರಳು, ಡೇರೆ, ನೀರಿಗೆ ಕ್ಯೂ. ಸೂಸನ್, ಅವಳ ಗಂಡ ಪಾಯಸ್, ಲಿಗೋರಿ, ರೂಜಾ, ಪುಟ್ಟ ಫಿಯೋನಾ ಒಂದೇ ಡೇರೆಯಲ್ಲಿದ್ದರು. ಡೇರೆಗೆ ಸಿಕ್ಕಿದ್ದು ಎರಡು ಬಕೆಟು. ರೂಜಾ ಮೊದಲ ದಿನವೇ ಒಂದಕ್ಕೆ ಬಿಳಿ ಚಿಂದಿ ಕಟ್ಟಿದಳು, ಇದು ಊಟದ್ದು. ಇನ್ನೊಂದು ಬಟ್ಟೆಯದ್ದು. ಒಂದು ಮಧ್ಯಾಹ್ನ ಸೂಸನ್ ಅವಸರದಲ್ಲಿ ತನ್ನ ಲಂಗವನ್ನು ಬಿಳಿ ಚಿಂದಿಯ ಬಕೆಟಿನಲ್ಲಿ ಅದ್ದಿಬಿಟ್ಟಳು. ರೂಜಾ ನೋಡಿದಳು. ಬಕೆಟು ಎತ್ತಿಕೊಂಡು ಹೋಗಿ ದೂರದ ಕಸದ ಗುಂಡಿಗೆ ಎಸೆದು ಬಂದಳು.

ಬಕೆಟಿಗಾಗಿ ಜನ ಹೊಡೆದಾಡುತ್ತಿದ್ದ ಜಾಗ ಅದು. ಸೂಸನ್‌ಗೆ ಉರಿದುಹೋಯಿತು. ನಾನು ಅಷ್ಟು ಕೊಳಕಾ, ನನ್ನ ಬಟ್ಟೆ ತಾಗಿದ ಬಕೆಟು ನಿನಗೆ ಮೈಲಿಗೆಯಾ ಎಂದು ಬಾಯಿಗೆ ಬಂದದ್ದೆಲ್ಲ ಬೈದಳು. ಸಂಜೆ ಬಿಸಿಲಿಳಿದ ಮೇಲೆ ರೂಜಾ ಬಂದು ಪಕ್ಕದಲ್ಲಿ ಕೂತಳು. ಅಷ್ಟರಲ್ಲಿ ಅವಳು ಕೊಂಕಣಿಯನ್ನು ತುಂಡು ತುಂಡಾಗಿ ಮಾತಾಡುತ್ತಿದ್ದಳು.

"ಕೊಳಕು ಅಂತ ಕರೆಸಿಕೊಂಡವಳು ನಾನು, ನೀನಲ್ಲ," ಎಂದಳು. "ನಾವು ರೋಮಾ ಜನ. ಜಿಪ್ಸಿ ಅಂತಾರೆ. ಶಾಲೆಯಲ್ಲಿ ಟೀಚರು ಹೇನು ನೋಡಲಿಕ್ಕೆ ನನ್ನ ಜಡೆ ಮಾತ್ರ ಬಿಚ್ಚುತ್ತಿದ್ದಳು. ನಮ್ಮಮ್ಮ ದಿನಾ ಬೆಳಿಗ್ಗೆ ಮೀಯಿಸಿ ಕಳಿಸುತ್ತಿದ್ದಳು. ಊಟದ ಪಾತ್ರೆ ಬೇರೆ, ಬಟ್ಟೆಯ ಪಾತ್ರೆ ಬೇರೆ. ಅದು ಬೆರೆತರೆ ನಮ್ಮ ಮನೆ ಮನೆಯಲ್ಲ."

ಸೂಸನ್‌ಗೆ ಊರಿನ ಭಟ್ಟರ ಮನೆಯ ಮಡಿ ನೆನಪಾಯಿತು. ಭಟ್ಟರ ಮಡಿಗೆ ಊರೆಲ್ಲ ಕೈಮುಗಿಯುತ್ತಿತ್ತು. ಇವಳ ಮಡಿ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂದು ಅವಳಿಗೆ ಸಂಕಟವಾಯಿತು. ಡೇರೆಯ ಬಾಳು ನಿನಗೆ ಅಭ್ಯಾಸವೇನೋ ಎಂದು ಕೇಳಿದ್ದಕ್ಕೆ ಮಾತ್ರ ರೂಜಾಳಿಗೆ ಕೋಪ ಬಂತು. ನನ್ನಪ್ಪನದು ಇಟ್ಟಿಗೆಯ ಮನೆ, ನಾನು ಡೇರೆ ನೋಡಿದ್ದು ಇಲ್ಲೇ ಮೊದಲು ಎಂದಳು. ಆಮೇಲೆ ಇಬ್ಬರೂ ನಕ್ಕರು. ಆ ಸಂಜೆ ರೂಜಾ ತನ್ನ ಅಜ್ಜಿಯ ಸಾವಿನ ಕತೆಯನ್ನೂ ಹೇಳಿದ್ದಳು. ಸೂಸನ್ ಅದನ್ನು ಅರ್ಧ ಕಿವಿಯಲ್ಲಿ ಕೇಳಿ ಮರೆತುಬಿಟ್ಟಳು.

ಯುದ್ಧ ಮುಗಿದು ವಾಪಸು ಬಂದಾಗ ರೂಜಾಳ ದೇಶ ಯುಗೊಸ್ಲಾವಿಯಾ ಚೂರುಚೂರಾಗಿತ್ತು. ಹವಲ್ಲಿಯ ಫ್ಲ್ಯಾಟಿನಲ್ಲಿ ಅಡುಗೆಮನೆಗೆ ಬಿಳಿ ಟಬ್ಬು, ಬಚ್ಚಲಿಗೆ ನೀಲಿ ಟಬ್ಬು ಬಂದವು. ಅವಳ ಪಾಲಿಗೆ ಉಳಿದ ದೇಶ ಅಷ್ಟೇ. ಒಂದು ಕ್ರಿಸ್ಮಸ್ಸಿಗೆ ಅಪೊಲೋನಿಯಾ ಸಹಾಯ ಮಾಡಲು ಹೋಗಿ ಕುಸ್ವಾರಿನ ಸಿಹಿತಿಂಡಿಗಳ ತಟ್ಟೆಗಳನ್ನು ನೀಲಿ ಟಬ್ಬಿನಲ್ಲಿ ತೊಳೆದಳು. ರೂಜಾ ಅಷ್ಟೂ ತಟ್ಟೆಗಳನ್ನು ಅವಳ ಕಣ್ಣೆದುರೇ ಕಸದ ಡಬ್ಬಿಗೆ ಹಾಕಿದಳು. ತನ್ನ ಕೈ ತಾಗಿತೆಂದು ತಟ್ಟೆ ಎಸೆದಳು ಎಂದೇ ಅಪೊಲೋನಿಯಾ ತಿಳಿದಳು. ಯುರೋಪಿನವರ ಜಂಬ ಎಂದು ಮೂಗು ಮುರಿದವಳು ಆ ಅಡುಗೆಮನೆಗೆ ಮತ್ತೆ ಕಾಲಿಡಲಿಲ್ಲ. ಹಬ್ಬಕ್ಕೆ ಬಂದರೂ ಹಾಲಿನಲ್ಲೇ ಕೂತು ಎದ್ದು ಹೋಗುತ್ತಿದ್ದಳು. ಫಿಯೋನಾಳಿಗೂ ಅದು ಅಮ್ಮನ ಶುಚಿಯ ಹುಚ್ಚು, ಅಷ್ಟೇ. ಅವಳ ಮದುವೆ ಒಂದಾಗಲಿ, ಆಮೇಲೆ ಹೇಳುತ್ತೇನೆ ಎಂದು ರೂಜಾ ಸೂಸನ್‌ಳ ಹತ್ತಿರ ಆಗಾಗ ಹೇಳುತ್ತಿದ್ದಳು.

*

ಲಿಗೋರಿ ಪಾರ್ಕಿಂಗಿನಲ್ಲಿ ತನ್ನ ಕಾರಿಗೆ ಒರಗಿ ನಿಂತಿದ್ದ. ಬಿಸಿಲಿಗೆ ಮುಖ ಕೆಂಪಾಗಿತ್ತು. ಸೂಸನ್ ವಿಷಯ ಹೇಳಿದಳು. ನೀವೇ ಬಂದು ಅಕ್ಕನಿಗೆ ಬೇಡ ಅನ್ನಬೇಕು ಎಂದಳು.

ಅವನು ಕೈಯಲ್ಲಿ ಕೀಲಿಕೈ ತಿರುಗಿಸಿದ. "ಸೀರೆ ಉಡಿಸಲಿ ಬಿಡಿ ಸೂಸನ್ ಬಾಯಿ," ಎಂದ. "ಇನ್ನು ಅವಳಿಗೆ ಎಂತ ಗೊತ್ತಾಗ್ತದೆ? ಬೇಡ ಅಂದರೆ ಯಾಕೆ ಅಂತ ಕೇಳ್ತಾರೆ. ಹೇಳಿದರೆ ಮಗಳ ಮದುವೆ ಹೋಯಿತು."

ಸೂಸನ್‌ಗೆ ಅವನ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಗುರುವಾರ ಸಂಜೆ ಅವಳ ಕಣ್ಣ ಮುಂದೆ ಬಂದು ನಿಂತಿತ್ತು. ರೂಜಾ ಬಾಗಿಲು ಬಡಿದು ಎದೆ ಹಿಡಿದುಕೊಂಡಂತಿದೆ, ಆಸ್ಪತ್ರೆಗೆ ಹೋಗುವ ಎಂದಿದ್ದಳು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಮೈಮೇಲೆ ಹಸಿರು ಲಂಗ, ಕಸೂತಿಯ ಬಿಳಿ ರವಿಕೆ, ಕೊರಳಲ್ಲಿ ಅಮ್ಮನ ನಾಣ್ಯದ ಸರ. ಟ್ರಂಕಿನ ತಳದಲ್ಲಿ ಇಷ್ಟು ವರ್ಷ ಕೂತಿದ್ದ ಬಟ್ಟೆ. ಎದೆನೋವು ಇಟ್ಟುಕೊಂಡು ಸ್ನಾನ ಮಾಡಿದ್ದಾಳೆ ಎಂದು ನರ್ಸಾದ ಸೂಸನ್ ಕಿಡಿಕಿಡಿಯಾಗಿದ್ದಳು. ಮದುವೆಗೆ ಹೊರಟಿದ್ದೀಯಾ ಮಾರಾಯ್ತಿ ಎಂದು ಗದರಿಸಿದ್ದಳು. ಲಿಗೋರಿ ಕಾರು ಓಡಿಸಿದ. ರೂಜಾಳ ತಲೆ ಹಿಂದಿನ ಸೀಟಿನಲ್ಲಿ ಸೂಸನ್‌ಳ ತೊಡೆಯ ಮೇಲಿತ್ತು. ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಒಂದು ಮಾತು ಹೇಳಿದಳು. ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

"ಕಾರಿನಲ್ಲಿ ಅವಳು ಹೇಳಿದ್ದು ನಿಮಗೂ ಕೇಳಿದೆ," ಎಂದಳು ಸೂಸನ್.

"ಬಾಯಿ ತಪ್ಪಿ ಏನೋ ಹೇಳಿದಳು ಅಂತ..."

"ಬಾಯಿ ತಪ್ಪಿ ಅಲ್ಲ. ನಾನೇ ಎಲ್ಲ ಮಾಡಿಕೊಂಡಿದ್ದೇನೆ, ಇನ್ನು ಯಾರೂ ಮುಟ್ಟುವುದು ಬೇಡ ಅಂದಳು. ಅವಳ ಅಜ್ಜಿಯೂ ಹಾಗೇ ಮಾಡಿದ್ದಂತೆ. ಸಾವು ಹತ್ತಿರ ಬಂತು ಅಂತ ಗೊತ್ತಾದ ಕೂಡಲೇ ಮಿಂದು, ಇದ್ದದ್ದರಲ್ಲಿ ಒಳ್ಳೆಯದು ಉಟ್ಟುಕೊಂಡು ಮಲಗಿದ್ದಂತೆ. ಜೀವ ಹೋದ ಮೇಲೆ ಅವರ ಜನ ಮೈ ಮುಟ್ಟುವುದಿಲ್ಲ. ಕ್ಯಾಂಪಿನಲ್ಲಿ ನನಗೆ ಹೇಳಿದ್ದಳು. ನಾನು ಮರೆತೆ. ಅವಳು ಮೆಟ್ಟಿಲು ಇಳಿಯುವಾಗ ನಾನು ಬೈದೆ ಲಿಗೋರಿ ಬಾಬ್."

ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಒತ್ತರಿಸಿ ಬಂತು. ಎರಡು ದಿನದಿಂದ ಅತ್ತಿರಲಿಲ್ಲ. ಇಷ್ಟು ವರ್ಷ ರೂಜಾ ಲಿಗೋರಿಯ ಒಂದು ಮಾತಿಗೆ ಬಾಯಿ ಹೊಲಿದುಕೊಂಡು ಬದುಕಿದಳು. ಕೇಳಿದ್ದು ಒಂದೇ, ಅದೂ ಕೊನೆಯ ಗಳಿಗೆಯಲ್ಲಿ. ಅವನು ಕೀಲಿಕೈ ಜೇಬಿಗೆ ಹಾಕಿ ಒಳಗೆ ನಡೆದ.

*

ಓಣಿಯಲ್ಲಿ ನೌಕರ, ಯಲ್ಲಾ, ಯಲ್ಲಾ ಎಂದು ಅವಸರ ಮಾಡುತ್ತಿದ್ದ. ಲಿಗೋರಿ ಪ್ರಾರ್ಥನಾ ಗುಂಪಿನ ಹೆಂಗಸರನ್ನು ಸ್ವಲ್ಪ ಹೊರಗಿರಿ ಎಂದು ಕಳಿಸಿದ. ಫಿಯೋನಾಳನ್ನು ಹತ್ತಿರ ಕರೆದ. ಅಕ್ಕನ ಮುಖ ನೋಡಲಾಗದೆ ಅವಳ ಕೈಯ ಸೀರೆಯನ್ನೇ ನೋಡುತ್ತಾ ಹೇಳಿದ.

"ಬಾಯಿ, ರೂಜಾ ಯುರೋಪಿನವಳು ಹೌದು. ಅಲ್ಲಿ ಅವರ ಜನಕ್ಕೆ ಜಿಪ್ಸಿ ಅಂತಾರೆ. ರೋಮಾ. ಊರ ಹೊರಗೆ ಇಡ್ತಾರೆ, ಕಳ್ಳರು ಅಂತಾರೆ, ಕೊಳಕು ಅಂತಾರೆ. ಹೇಳಬೇಡ ಅಂದದ್ದು ನಾನು. ಅವಳು ತಾನೇ ಮಿಂದು ಹೊರಟಿದ್ದಾಳೆ. ಹಾಗೇ ಹೋಗಲಿ."

ಫಿಯೋನಾ ಅಪ್ಪನನ್ನು ನೋಡಿದಳು, ಸೂಸನ್‌ಳನ್ನು ನೋಡಿದಳು. ಟಬ್ಬುಗಳ ವಿಷಯಕ್ಕೆ ಅಮ್ಮನೊಂದಿಗೆ ಮಾಡಿದ ಜಗಳಗಳೆಲ್ಲ ಅವಳಿಗೆ ಒಮ್ಮೆಲೇ ನೆನಪಾದಂತಿತ್ತು.

"ಸೋ ವಾಟ್ ಆಮ್ ಐ, ಡ್ಯಾಡಿ?" ಎಂದಳು ಮೆಲ್ಲಗೆ.

"ನೀನೂ ಅದೇ, ಮಗಾ. ಅರ್ಧ ನಾನು, ಅರ್ಧ ಅವಳು."

ಅಪೊಲೋನಿಯಾ ಬೆಂಚಿನ ಮೇಲೆ ಕೂತಳು. ಯುರೋಪಿನವಳು ಎಂದು ಇಪ್ಪತ್ತೈದು ವರ್ಷ ಕುವೈತಿನಲ್ಲಿ, ಮಂಗಳೂರಿನಲ್ಲಿ ಅವಳು ಹೇಳಿಕೊಂಡು ಬಂದ ಮಾತು ಅದು. ಮೊದಲು ತಮ್ಮನನ್ನು ಬೈಯಬೇಕೆನಿಸಿತು. ಆಮೇಲೆ ಅವಳಿಗೆ ಕ್ರಿಸ್ಮಸ್ಸಿನ ತಟ್ಟೆಗಳು ನೆನಪಾಗಿರಬೇಕು.

"ಆ ತಟ್ಟೆ ಎಸೆದದ್ದು?" ಎಂದು ಸೂಸನ್‌ಳನ್ನು ಕೇಳಿದಳು.

"ಬಟ್ಟೆಯ ಟಬ್ಬಿನಲ್ಲಿ ತೊಳೆದದ್ದಕ್ಕೆ ಬಾಯಿ. ನಿಮ್ಮ ಕೈ ತಾಗಿತು ಅಂತ ಅಲ್ಲ. ನಾನು ಅದ್ದಿದ ಬಕೆಟನ್ನೂ ಎಸೆದಿದ್ದಳು."

"ಒಂದು ಮಾತು ಹೇಳಬಾರದಿತ್ತಾ ಅವಳು?" ಎಂದಳು ಅಪೊಲೋನಿಯಾ. ಹೇಳಲು ಬಿಟ್ಟವರು ಯಾರು ಎಂದು ಅವಳಿಗೇ ಹೊಳೆಯಿತೋ ಏನೋ, ಸೀರೆಯನ್ನು ನಿಧಾನವಾಗಿ ಚೀಲಕ್ಕೆ ಹಾಕಿ ಮುಖ ತಿರುಗಿಸಿ ಅತ್ತಳು.

*

ಇಗರ್ಜಿಯಲ್ಲಿ ಪೆಟ್ಟಿಗೆ ತೆರೆದಾಗ ಒಂದು ಗುಸುಗುಸು ಹಿಂದಿನ ಬೆಂಚಿನವರೆಗೂ ಓಡಿತು. ಹಸಿರು ಲಂಗ, ಕೆಂಪು ಹೂಗಳು, ಕೊರಳ ತುಂಬ ನಾಣ್ಯ. ರೂಜಾ ಯಾರೂ ನೋಡಿರದಷ್ಟು ಚೆಂದ ಕಾಣುತ್ತಿದ್ದಳು. ಫಿಯೋನಾ ಬಾಗಿ ಅಮ್ಮನ ಹಣೆಗೆ ಮುತ್ತಿಟ್ಟಳು. ಸೂಸನ್ ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟಳು. ಅದನ್ನು ತಡೆಯುವ ಧೈರ್ಯ ಅವಳಿಗಿರಲಿಲ್ಲ, ಮನಸ್ಸೂ ಇರಲಿಲ್ಲ. ಊರಿಗೆ ಕಳಿಸುವ ಮಾತು ಬರಲಿಲ್ಲ. ಯಾವ ಊರಿಗೆ? ಕ್ರೈಸ್ತರ ಸ್ಮಶಾನದ ಬಿಳಿ ಮರಳಿನಲ್ಲಿ, ಫಿಲಿಪ್ಪೀನ್ಸಿನ ಒಬ್ಬಳ ಸಮಾಧಿಯ ಪಕ್ಕ ಅವಳನ್ನು ಮಣ್ಣು ಮಾಡಿದರು.

ಕತ್ತಲಾಗುವ ಮೊದಲೇ ಎಲ್ಲರೂ ಹವಲ್ಲಿಯ ಫ್ಲ್ಯಾಟಿಗೆ ಬಂದರು. ಸೂಸನ್ ಚಹಾ ಹಂಚಿದಳು. ರಾನ್ಸನ್‌ನ ತಾಯಿ ಸೋಫಾದಲ್ಲಿ ಅಪೊಲೋನಿಯಾಳ ಪಕ್ಕ ಕೂತಿದ್ದರು. ಎರಡು ಗುಟುಕು ಕುಡಿದು, ಉಡುಪು ಬಹಳ ವಿಶೇಷ ಇತ್ತು, ಅದು ಯುರೋಪಿನ ಯಾವ ಕಡೆಯದು ಎಂದು ವಿಚಾರಿಸಿದರು.

ಸೂಸನ್‌ಳ ಕೈಯ ಟ್ರೇ ಅಲ್ಲೇ ನಿಂತಿತು. ಲಿಗೋರಿ ತಲೆ ತಗ್ಗಿಸಿದ. ಉತ್ತರ ಕೊಟ್ಟದ್ದು ಫಿಯೋನಾ. ಮಾತು ಕಲಿತಾಗಿನಿಂದ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಹುಡುಗಿ ಕೊಂಕಣಿಯಲ್ಲೇ ಹೇಳಿದಳು.

"ಮಮ್ಮಿ ರೋಮಾ, ಆಂಟಿ. ಜಿಪ್ಸಿ ಅಂತಾರಲ್ಲ, ಅವರು. ಅದು ಅವರ ಹಬ್ಬದ ಉಡುಪು."

ರಾನ್ಸನ್‌ನ ತಾಯಿ ಹೌದಾ ಎಂದರು. ಕಪ್ಪನ್ನು ಟೀಪಾಯಿಯ ಮೇಲೆ ಇಟ್ಟರು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಚಹಾ ಉಳಿದಿತ್ತು. ಸ್ವಲ್ಪ ಹೊತ್ತಿಗೆ ಟ್ರಾಫಿಕ್ಕಿನ ಮಾತೆತ್ತಿ ಎದ್ದರು. ಬಾಗಿಲಲ್ಲಿ ಅಪೊಲೋನಿಯಾಳ ಕೈ ಹಿಡಿದು, ಫೋನ್ ಮಾಡುತ್ತೇವೆ ಎಂದರು. ಆ ಮಾತಿನ ಅರ್ಥ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಫಿಯೋನಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಬಂದವರೆಲ್ಲ ಹೋದ ಮೇಲೆ ಅಪೊಲೋನಿಯಾ ಕಪ್ಪುಗಳನ್ನು ಟ್ರೇಗೆ ಜೋಡಿಸಿ ಎತ್ತಿಕೊಂಡಳು. ರಾನ್ಸನ್‌ನ ತಾಯಿಯ ಕಪ್ಪು ಎಲ್ಲಕ್ಕಿಂತ ಮೇಲಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಕ್ಷಣ ತಡೆದು ಒಳಗೆ ಹೋದಳು. ಬೆಳಿಗ್ಗೆ ಯಾರೋ ನೆರವಿಗೆ ಬಂದವರು ಎರಡು ಟಬ್ಬುಗಳನ್ನೂ ಸಿಂಕಿನ ಬುಡದಲ್ಲಿ ಒಟ್ಟಿಗೆ ತಂದಿಟ್ಟಿದ್ದರು. ಅಪೊಲೋನಿಯಾ ಹತ್ತಿರವಿದ್ದ ನೀಲಿ ಟಬ್ಬಿಗೆ ಕೈ ಹಾಕಿದವಳು ಹಿಂದಕ್ಕೆ ತೆಗೆದಳು.

"ಫಿಯೋನಾ," ಎಂದು ಕರೆದಳು. "ಕಪ್ಪಿಗೆ ಯಾವುದು?"

ಫಿಯೋನಾ ಬಂದು ಬಿಳಿ ಟಬ್ಬನ್ನು ಮುಂದಕ್ಕೆಳೆದಳು. ನೀಲಿಯದನ್ನು ಎತ್ತಿ ಬಚ್ಚಲಿಗೆ ಇಟ್ಟು ಬಂದಳು. ಅಪೊಲೋನಿಯಾ ಸೆರಗು ಸಿಕ್ಕಿಸಿ, ಬಿಸಿನೀರು ಬಿಟ್ಟು, ಕಪ್ಪುಗಳನ್ನು ಒಂದೊಂದಾಗಿ ತಿಕ್ಕಿ ತೊಳೆದಳು. ಫಿಯೋನಾ ಒರೆಸಿ ಇಟ್ಟಳು. ಕೊನೆಗೆ ಚಹಾ ಉಳಿದಿದ್ದ ಆ ಕಪ್ಪೊಂದು ಟ್ರೇಯಲ್ಲಿ ಉಳಿಯಿತು. ಫಿಯೋನಾ ಕೈ ಚಾಚಿದಳು. ಅಪೊಲೋನಿಯಾ ಕೊಡಲಿಲ್ಲ. ಚಹಾವನ್ನು ಸಿಂಕಿಗೆ ಚೆಲ್ಲಿ, ಕಾಲಿನಿಂದ ಕಸದ ಡಬ್ಬಿಯ ಪೆಡಲು ಒತ್ತಿ ಮುಚ್ಚಳ ತೆರೆದು, ಕಪ್ಪನ್ನು ಅದರೊಳಗೆ ಹಾಕಿದಳು.